ಸ್ಟೀಲ್ ಗಿಟಾರ್ ವಾಲ್ಯೂಮ್ ಪೆಡಲ್‌ನ ಪಾಟ್ ಬದಲಿಸಬೇಕು, ಹಾಸನದ ಕಡೆ ಯಾರಾದರೂ ಮಾಡಿದ್ದೀರಾ?

ಹಾಸನದ ಹವಾಯನ್ · ಶನಿವಾರ, ರಾತ್ರಿ 10:15

ಎಲ್ಲರಿಗೂ ನಮಸ್ಕಾರ. ನಾನು ಹಾಸನದಲ್ಲಿ ಒಂದು ಆರ್ಕೆಸ್ಟ್ರಾ ಜೊತೆ ಎಲೆಕ್ಟ್ರಿಕ್ ಹವಾಯನ್ ಗಿಟಾರ್ ನುಡಿಸುತ್ತೇನೆ. ತೊಡೆ ಮೇಲೆ ಮಲಗಿಸಿಕೊಂಡು ಸ್ಟೀಲ್ ಬಾರ್ ಜಾರಿಸಿ ನುಡಿಸುವ ಆರು ತಂತಿಯದ್ದು. ಬಲಗಾಲಿನ ಕೆಳಗೆ ಹಳೇ ಅಮೆರಿಕನ್ ವಾಲ್ಯೂಮ್ ಪೆಡಲ್ ಒಂದಿದೆ. ನಮ್ಮ ಸೋದರಮಾವ ದುಬೈನಲ್ಲಿದ್ದಾಗ ಯಾರ ಹತ್ತಿರವೋ ಕೊಂಡು ತಂದುಕೊಟ್ಟಿದ್ದು. ಒಳಗೆ ಬ್ಯಾಟರಿ ಇಲ್ಲ, ಸರ್ಕ್ಯೂಟ್ ಇಲ್ಲ. ಒಂದು ಪಾಟ್ (ಪೊಟೆನ್ಶಿಯೋಮೀಟರ್, ತಿರುಗಿಸಿದರೆ ಸದ್ದು ಏರಿಸಿ ಇಳಿಸುವ ಭಾಗ), ಅದರ ಶಾಫ್ಟ್‌ಗೆ ಸಣ್ಣ ಗಾಲಿ, ಗಾಲಿಗೆ ಸುತ್ತಿದ ದಾರ, ದಾರ ಸಡಿಲ ಆಗದಂತೆ ಎಳೆದು ಹಿಡಿಯುವ ಸ್ಪ್ರಿಂಗ್. ಅಷ್ಟೇ.

ಈಗ ಪೆಡಲ್ ಒತ್ತುವಾಗ ನಡುವೆ ಒಂದು ಜಾಗದಲ್ಲಿ ಗರಗರ ಅನ್ನುತ್ತದೆ. ಒಮ್ಮೊಮ್ಮೆ ಸದ್ದೇ ಒಂದು ಕ್ಷಣ ಹೋಗಿ ಬರುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದೆ, ಎರಡು ವಾರ ಚೆನ್ನಾಗಿತ್ತು, ಮತ್ತೆ ಶುರು. ಗಣಪತಿ ಹಬ್ಬಕ್ಕೆ ಇನ್ನು ಐದು ವಾರ ಇದೆ. ಹಬ್ಬದ ಕಾರ್ಯಕ್ರಮದಲ್ಲಿ ಭಾವಗೀತೆಯ ನಡುವೆ ಈ ಗರಗರ ಬಂದರೆ ಹಾಡುವವರ ಮುಖ ನೋಡೋಕ್ಕಾಗಲ್ಲ. ಪಾಟ್ ಬದಲಿಸುವುದೇ ದಾರಿ ಅನ್ನಿಸುತ್ತಿದೆ. ಯಾವ ಪಾಟ್ ತಗೊಳ್ಳಬೇಕು, ಎಲ್ಲಿ ಸಿಗುತ್ತದೆ, ನಾನೇ ಮಾಡಬಹುದಾ? ಬೆಸುಗೆ ಸ್ವಲ್ಪ ಬರುತ್ತದೆ. ಕೇಬಲ್‌ಗೆ ಜ್ಯಾಕ್ ಹಾಕಿಕೊಳ್ಳುವಷ್ಟು.

ಕೊಪ್ಪೆ ಮಳೆ · ಶನಿವಾರ, ರಾತ್ರಿ 10:52

ನಾನು ಚಿಕ್ಕಮಗಳೂರಿನವನು. ನನ್ನದೂ ಇದೇ ಕಥೆ, ಆದರೆ ನಮ್ಮ ಕಡೆ ಮಳೆಗಾಲದ ಮೇಲೆ ತಪ್ಪು ಹೊರಿಸಿ ಸುಮ್ನಾಗುತ್ತೇವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ, ಚಪ್ಪಲಿಗೂ ಗಿಟಾರ್ ಕೇಸಿಗೂ. ಅಣ್ಣ, ಪಾಟ್ ಬಿಚ್ಚುವ ಮುಂಚೆ ಜ್ಯಾಕ್ ನೋಡಿದ್ದೀರಾ? ನನ್ನ ಪೆಡಲ್‌ನಲ್ಲಿ ಜ್ಯಾಕ್‌ಗೆ ಹಸಿರು ಕಿಲುಬು ಹಿಡಿದಿತ್ತು. ಉಜ್ಜಿದ ಮೇಲೆ ಅರ್ಧ ತೊಂದರೆ ಹೋಯಿತು.

ಹಾಸನದ ಹವಾಯನ್ · ಶನಿವಾರ, ರಾತ್ರಿ 11:04

ನೋಡಿದೆ. ಕೇಬಲ್ ಅಲ್ಲಾಡಿಸಿದರೆ ಏನೂ ಆಗುವುದಿಲ್ಲ. ಪೆಡಲ್ ಅಲ್ಲಾಡಿದಾಗ ಮಾತ್ರ. ಅದೂ ಯಾವಾಗಲೂ ಅದೇ ಜಾಗದಲ್ಲಿ.

ಮುಳ್ಳಿನ ಮೀಟರ್ · ಭಾನುವಾರ, ಬೆಳಗ್ಗೆ 6:30

ಅದೇ ಜಾಗದಲ್ಲಿ ಅಂದರೆ ಪಾಟ್ ಸವೆದಿದೆ. ನಾನು ಹಾಸನದಲ್ಲೇ ಮೂವತ್ತು ವರ್ಷ ರೇಡಿಯೋ, ಆಂಪ್ಲಿಫೈಯರ್ ರಿಪೇರಿ ಮಾಡಿದವನು. ಈಗ ಅಂಗಡಿ ಇಲ್ಲ, ಮನೆಯಲ್ಲಿ ಸಾಮಾನು ಇದೆ.

ಪಾಟ್ ಒಳಗೆ ಕುದುರೆ ಲಾಳದ ಆಕಾರದಲ್ಲಿ ಕಾರ್ಬನ್ ಪಟ್ಟಿ ಇರುತ್ತದೆ. ಅದರ ಮೇಲೆ ಒಂದು ನಾಲಗೆ ಜಾರುತ್ತದೆ. ಮನೆಯ ರೇಡಿಯೋದಲ್ಲಿ ಆ ನಾಲಗೆ ದಿನಕ್ಕೆ ನಾಲ್ಕು ಸಲ ಜಾರಿದರೆ ಹೆಚ್ಚು. ನಿಮ್ಮ ಪೆಡಲ್‌ನಲ್ಲಿ ಒಂದೇ ರಾತ್ರಿಯಲ್ಲಿ ಸಾವಿರಾರು ಸಲ. ಸಾಮಾನ್ಯ ಸಣ್ಣ ಕಾರ್ಬನ್ ಪಾಟ್‌ಗಳ ಡೇಟಾಶೀಟ್ ತೆಗೆದು ನೋಡಿ, ಬಾಳಿಕೆ 10,000ದಿಂದ 15,000 ಸುತ್ತು ಅಂತ ಬರೆದಿರುತ್ತಾರೆ. ಕಾರ್ಯಕ್ರಮ ಜಾಸ್ತಿ ಇದ್ದವರಿಗೆ ಅದು ಎಷ್ಟು ದಿನ ಬರುತ್ತದೆ ಅಂತ ನೀವೇ ಲೆಕ್ಕ ಹಾಕಿ. ಅದೂ ಅಲ್ಲದೆ ನೀವು ಪೂರ್ತಿ ಪಟ್ಟಿ ಬಳಸುವುದಿಲ್ಲ. ಸ್ಟೀಲ್ ನುಡಿಸುವವರು ಅರ್ಧ ಒತ್ತಿ ಹಿಡಿದುಕೊಂಡು, ಸ್ವರ ಸಾಯುತ್ತಾ ಬಂದ ಹಾಗೆ ಕಾಲನ್ನು ನಿಧಾನಕ್ಕೆ ಒತ್ತುತ್ತಾ ಹೋಗುತ್ತೀರಿ, ಅಲ್ವಾ? ಹಾಗಾಗಿ ಆ ನಡುವಿನ ಅರ್ಧ ಇಂಚು ಮಾತ್ರ ಸವೆಯುತ್ತದೆ. ಕ್ಲೀನರ್ ಹೊಡೆದರೆ ಉದುರಿದ ಕಾರ್ಬನ್ ಪುಡಿ ತೊಳೆದು ಹೋಗುತ್ತದೆ, ಹೋದ ಕಾರ್ಬನ್ ವಾಪಸ್ ಬರುವುದಿಲ್ಲ. ಅದಕ್ಕೇ ಎರಡು ವಾರ.

ಖಾತ್ರಿ ಮಾಡಿಕೊಳ್ಳಬೇಕಾದರೆ ಎರಡೂ ಕೇಬಲ್ ತೆಗೆದುಬಿಡಿ. ಮೀಟರನ್ನು ಓಮ್ಸ್‌ನಲ್ಲಿಟ್ಟು ನಡುವಿನ ಪಿನ್‌ಗೂ ಒಂದು ತುದಿ ಪಿನ್‌ಗೂ ಹಿಡಿದು ಪೆಡಲನ್ನು ಬಲು ನಿಧಾನಕ್ಕೆ ಒತ್ತಿ. ಡಿಜಿಟಲ್ ಮೀಟರ್ ಅಂಕಿ ತೋರಿಸುವಷ್ಟರಲ್ಲಿ ಆ ಜಾಗ ದಾಟಿರುತ್ತದೆ. ಮುಳ್ಳಿನ ಮೀಟರ್ ಇದ್ದರೆ ಒಳ್ಳೆಯದು. ಮುಳ್ಳು ನಯವಾಗಿ ಸರಿಯಬೇಕು. ಸವೆದ ಜಾಗದಲ್ಲಿ ಬೆಚ್ಚಿಬೀಳುತ್ತದೆ.

ತಂತಿ ಸಕಲೇಶಪುರ · ಭಾನುವಾರ, ಬೆಳಗ್ಗೆ 9:10

ಒಳ್ಳೆಯ ವಿಷಯ ಎತ್ತಿದ್ದೀರಿ. ನಾನು ಅಪ್ಪನ ಹತ್ತಿರ ಹವಾಯನ್ ಗಿಟಾರ್ ಕಲಿತವಳು. ಪೆಡಲ್ ಇಲ್ಲದೆ ನುಡಿಸುವವರಿಗೆ ಇದು ಯಾಕೆ ಇಷ್ಟು ಮುಖ್ಯ ಅಂತ ಅರ್ಥ ಆಗುವುದು ಕಷ್ಟ. ತಂತಿ ಮೀಟಿದ ಕೂಡಲೇ ಬರುವ ಟಂಗ್ ಅನ್ನುವ ಏಟನ್ನು ಪೆಡಲ್ ಹಿಂದಕ್ಕೆ ಇಟ್ಟು ಮುಚ್ಚಬಹುದು. ಆಮೇಲೆ ಕಾಲು ಒತ್ತುತ್ತಾ ಬಂದರೆ ಪಿಟೀಲಿನ ಕಮಾನು ಎಳೆದ ಹಾಗೆ ಸ್ವರ ಒಳಗೆ ಬರುತ್ತದೆ. ಉದ್ದದ ಮೀಂಡಿನ, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವಿಕೆಯ, ಕೊನೆಯಲ್ಲಿ ಸ್ವರ ಸೋಲುವ ಹೊತ್ತಿಗೆ ಕಾಲೇ ಅದನ್ನು ಎತ್ತಿ ಹಿಡಿಯುತ್ತದೆ. ಅರ್ಧ ಸಂಗೀತ ಕಾಲಿನಲ್ಲಿರುತ್ತದೆ.

ಆದ್ದರಿಂದ ಪಾಟ್ ಕೊಳ್ಳುವಾಗ ಬರೀ 500 ಕೆ (500 ಕಿಲೋ ಓಮ್) ಅಂತ ಕೇಳಿ ತರಬೇಡಿ. ಲಾಗ್ ಪಾಟ್ ಕೇಳಿ, ಅಂದರೆ ಮೊದಲು ನಿಧಾನಕ್ಕೆ, ಕೊನೆಗೆ ಬಿರುಸಾಗಿ ಏರುವುದು. ಆಡಿಯೋ ಟೇಪರ್ ಅಂತಲೂ ಹೇಳುತ್ತಾರೆ. ಮೇಲೆ ಎ500ಕೆ ಅಂತ ಬರೆದಿರುತ್ತದೆ. ಬಿ500ಕೆ ಅಂದರೆ ಲೀನಿಯರ್, ಉದ್ದಕ್ಕೂ ಒಂದೇ ಸಮನೆ ಏರುವುದು, ಅದು ಬೇಡ.

ಹಾಸನದ ಹವಾಯನ್ · ಸೋಮವಾರ, ಸಂಜೆ 7:45

ಅಕ್ಕ, ನಿಮ್ಮ ಮಾತು ಓದುವ ಮೊದಲೇ ಕೆಲಸ ಕೆಟ್ಟಿತು. ಭಾನುವಾರ ಬೆಳಗ್ಗೆಯೇ ಪೇಟೆಯ ಒಂದು ಅಂಗಡಿಗೆ ಹೋಗಿ 500 ಕೆ ಪಾಟ್ ಕೊಡಿ ಅಂದೆ. ಕೊಟ್ಟರು. ಎಲ್ಲ ಒಂದೇ ಸರ್ ಅಂದರು. ಮಧ್ಯಾಹ್ನ ಕೂರಿಸಿದೆ. ಗರಗರ ಪೂರ್ತಿ ಹೋಯಿತು. ಆದರೆ ಕಾಲು ಇಡುವಷ್ಟರಲ್ಲಿ ಸದ್ದು ದಡಕ್ ಅಂತ ಬಂದುಬಿಡುತ್ತದೆ, ಆಮೇಲೆ ಎಷ್ಟು ಒತ್ತಿದರೂ ಏನೂ ಹೆಚ್ಚಾದ ಹಾಗೆ ಅನ್ನಿಸುವುದಿಲ್ಲ. ಈಗ ನೋಡಿದರೆ ಬಿ500ಕೆ ಅಂತಿದೆ. ಪೂರ್ತಿ ಅಳತೆ 492 ಕೆ ಬರುತ್ತದೆ, ನಡುವೆ ನಿಲ್ಲಿಸಿದರೆ 246.

ಇನ್ನೊಂದು ತೊಂದರೆ. ಹಳೇ ಗಾಲಿ ಹೊಸ ಶಾಫ್ಟ್ ಮೇಲೆ ಸಡಿಲ. ಸ್ಕ್ರೂ ಎಷ್ಟು ಬಿಗಿ ಮಾಡಿದರೂ ಸ್ವಲ್ಪ ಹೊತ್ತಿಗೆ ಜಾರುತ್ತದೆ.

ಬೆಸುಗೆ ಹೊಗೆ · ಸೋಮವಾರ, ರಾತ್ರಿ 8:30

ಎರಡಕ್ಕೂ ಕಾರಣ ಇದೆ. ನಾನು ಊರಿಂದ ಬೇಲೂರಿನವನು, ಈಗ ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ಸ್ ಕೆಲಸ.

ಮೊದಲು ಸದ್ದಿನ ವಿಷಯ. ನಮ್ಮ ಕಿವಿ ಸದ್ದನ್ನು ನೇರ ಲೆಕ್ಕದಲ್ಲಿ ಕೇಳುವುದಿಲ್ಲ. ಸಿಗ್ನಲ್ ಅರ್ಧ ಆದರೆ 6 ಡೆಸಿಬೆಲ್ ಇಳಿಯಿತು ಅಷ್ಟೇ, ಕಿವಿಗೆ ಅದು ಸ್ವಲ್ಪ ಕಡಿಮೆ ಆದ ಹಾಗೆ. ಹತ್ತರಲ್ಲಿ ಒಂದು ಭಾಗ ಆದರೆ 20 ಡೆಸಿಬೆಲ್. ಲೀನಿಯರ್ ಪಾಟ್‌ನಲ್ಲಿ ಮೊದಲ ಹತ್ತನೇ ಒಂದು ಭಾಗ ತಿರುಗುವಷ್ಟರಲ್ಲಿ ನೀವು ಮೌನದಿಂದ ಆ 20 ಡೆಸಿಬೆಲ್ ಕೆಳಗಿನ ಮಟ್ಟಕ್ಕೆ ಬಂದಿರುತ್ತೀರಿ. ಅರ್ಧಕ್ಕೆ ಬಂದಾಗ ಪೂರ್ತಿ ಸದ್ದಿಗೆ ಇನ್ನು 6 ಡೆಸಿಬೆಲ್ ಮಾತ್ರ ಬಾಕಿ. ಅದೇ ಲಾಗ್ ಪಾಟ್ ನಡುವೆ ನಿಂತಾಗ ಪೂರ್ತಿಯ ಸುಮಾರು 10ರಿಂದ 20 ಶೇಕಡಾ ಮಾತ್ರ ಇರುತ್ತದೆ. 15 ಶೇಕಡಾ ಅಂದುಕೊಳ್ಳಿ, ಆಗ 16 ಡೆಸಿಬೆಲ್‌ಗಿಂತ ಜಾಸ್ತಿ ಬಾಕಿ ಇದೆ. ಕಾಲಿಗೆ ಆಡಲು ಜಾಗ ಸಿಗುವುದು ಅಲ್ಲಿ.

ಅಕ್ಕ ಹೇಳಿದ ಎ, ಬಿ ಗುರುತು ಈಗಿನ ಮಾಲಿಗೆ ಸರಿ. ಆದರೆ ಹಳೇ ಯುರೋಪಿನ ಕೆಲವು ಪಾಟ್‌ಗಳಲ್ಲಿ ಎ ಅಂದರೆ ಲೀನಿಯರ್. ಆದ್ದರಿಂದ ಅಕ್ಷರ ನಂಬಬೇಡಿ. ಅಂಗಡಿಯಲ್ಲೇ ಮೀಟರ್ ಇಟ್ಟು ನಡುವೆ ನಿಲ್ಲಿಸಿ ಅಳೆಯಿರಿ. ನೀವು ಈಗ ಅಳೆದ ಹಾಗೆ.

ಇನ್ನು ಶಾಫ್ಟ್. ಅಮೆರಿಕನ್ ಪೆಡಲ್‌ನಲ್ಲಿ ಕಾಲು ಇಂಚಿನ ಶಾಫ್ಟ್, ಅಂದರೆ 6.35 ಮಿಲಿಮೀಟರ್. ನಮ್ಮಲ್ಲಿ ಸಿಗುವುದು ಹೆಚ್ಚಾಗಿ 6 ಮಿಲಿಮೀಟರ್. ಆ 0.35ರಲ್ಲೇ ಗಾಲಿ ಜಾರುವುದು. ತೆಳು ಹಿತ್ತಾಳೆ ತಗಡು ಸಿಕ್ಕರೆ ಒಂದು ಸುತ್ತು ಹಾಕಿ. ಇಲ್ಲದಿದ್ದರೆ ಕೂಲ್‌ಡ್ರಿಂಕ್ಸ್ ಕ್ಯಾನ್ ಕತ್ತರಿಸಿ, ಅದು ಸುಮಾರು 0.1 ಮಿಲಿಮೀಟರ್ ದಪ್ಪ ಇರುತ್ತದೆ. ಒಂದು ಸುತ್ತು ಸುತ್ತಿ ಸ್ಕ್ರೂ ಬಿಗಿ ಮಾಡಿದರೆ ಹಿಡಿದುಕೊಳ್ಳುತ್ತದೆ. ನಯವಾದ ದುಂಡು ಶಾಫ್ಟೇ ತಗೊಳ್ಳಿ, ಹಲ್ಲುಹಲ್ಲಾಗಿ ನಡುವೆ ಸೀಳು ಇರುವುದು ಬೇಡ. ಸ್ಕ್ರೂ ಬಿಗಿ ಮಾಡಿದರೆ ಸೀಳು ಮುಚ್ಚಿಕೊಂಡು ಮತ್ತೆ ಸಡಿಲ ಆಗುತ್ತದೆ. ಮತ್ತೆ ಆ ಸ್ಕ್ರೂಗೆ ಇಂಚಿನ ಅಲೆನ್ ಕೀ ಬೇಕು. ನಮ್ಮ ಮಿಲಿಮೀಟರ್ ಕೀ ಹಾಕಿ ಒತ್ತಿದರೆ ತಲೆ ಕೆಡುತ್ತದೆ, ಆಮೇಲೆ ಕೊರೆದು ತೆಗೆಯಬೇಕಾಗುತ್ತದೆ.

ಕೀಬೋರ್ಡ್ ಕಾಫಿ · ಸೋಮವಾರ, ರಾತ್ರಿ 9:02

ನಡುವೆ ಬಂದೆ, ಕ್ಷಮಿಸಿ. ನನ್ನ ಹತ್ತಿರ ಕೀಬೋರ್ಡ್‌ಗೆ ಅಂತ ಕೊಂಡ ಪೆಡಲ್ ಇದೆ, ಒಳಗೆ 25 ಕೆ ಪಾಟ್. ಅಣ್ಣನಿಗೆ ಹಬ್ಬದ ದಿನಕ್ಕೆ ಅದನ್ನೇ ಕೊಡಬಹುದಲ್ವಾ?

ಬೆಸುಗೆ ಹೊಗೆ · ಸೋಮವಾರ, ರಾತ್ರಿ 9:20

ಕೊಡಬಹುದು, ಆದರೆ ಗಿಟಾರ್ ಸದ್ದು ಕಂಬಳಿ ಹೊದ್ದ ಹಾಗೆ ಆಗುತ್ತದೆ. ಕೀಬೋರ್ಡ್ ಒಳಗೆ ಆಂಪ್ಲಿಫೈಯರ್ ಇದೆ, ಅದಕ್ಕೆ 25 ಕೆ ಭಾರವೇ ಅಲ್ಲ. ಗಿಟಾರ್ ಪಿಕಪ್ ಅಂದರೆ ಬರೀ ಆಯಸ್ಕಾಂತ ಮತ್ತು ಸುರುಳಿ. ಅದರ ಮೇಲೆ 25 ಕೆ ಹೇರಿದರೆ ಎತ್ತರದ ಸ್ವರಗಳ ಹೊಳಪು ಮೊದಲು ಹೋಗುತ್ತದೆ. ಕಂಪನಿಗಳು ಇದಕ್ಕೇ ಎರಡು ಬಗೆ ಮಾಡುತ್ತವೆ. ಎರ್ನಿ ಬಾಲ್‌ನಲ್ಲಿ ಗಿಟಾರ್‌ಗೆ 250 ಕೆ, ಕೀಬೋರ್ಡ್ ತರಹದ್ದಕ್ಕೆ 25 ಕೆ. ಬಾಸ್‌ನವರದ್ದು ಎಫ್‌ವಿ-500ಎಚ್ ಮತ್ತು ಎಫ್‌ವಿ-500ಎಲ್, ಮೊದಲನೆಯದು ಗಿಟಾರ್‌ಗೆ, ಎರಡನೆಯದು ಕೀಬೋರ್ಡ್‌ಗೆ. ಸ್ಟೀಲ್ ಗಿಟಾರ್‌ನವರು 500 ಕೆ ಇಷ್ಟಪಡುತ್ತಾರೆ. ಸ್ಟೀಲ್‌ನ ಪಿಕಪ್‌ಗೆ ಸುತ್ತು ಜಾಸ್ತಿ, ಭಾರ ಕಡಿಮೆ ಇದ್ದಷ್ಟೂ ಮೇಲಿನ ತಂತಿಗಳು ಹೊಳೆಯುತ್ತವೆ.

ಕೊಪ್ಪೆ ಮಳೆ · ಸೋಮವಾರ, ರಾತ್ರಿ 9:41

ಲೀನಿಯರ್ ಪಾಟ್‌ಗೆ ಒಂದು ರೆಸಿಸ್ಟರ್ ಹಾಕಿದರೆ ಲಾಗ್ ಹಾಗೆ ಮಾಡಬಹುದು ಅಂತ ಎಲ್ಲೋ ಓದಿದ್ದೆ. ಹೊಸದಾಗಿ ತಂದ ಪಾಟ್ ದಂಡ ಆಗುವುದು ಬೇಡ ಅಂತ ಕೇಳುತ್ತಿದ್ದೇನೆ.

ಬೆಸುಗೆ ಹೊಗೆ · ಸೋಮವಾರ, ರಾತ್ರಿ 10:05

ಹೌದು, ನಡುವಿನ ಪಿನ್‌ನಿಂದ ಗ್ರೌಂಡ್‌ಗೆ ಪಾಟ್‌ನ ಓಮ್ ಅಳತೆಯ ಸುಮಾರು 15 ಶೇಕಡಾ ಇರುವ ರೆಸಿಸ್ಟರ್. 500 ಕೆ ಪಾಟ್‌ಗೆ 75 ಕೆ. ಆಂಪ್ಲಿಫೈಯರ್ ಒಳಗೆ ಅದು ನಡೆಯುತ್ತದೆ. ಇಲ್ಲಿ ಬೇಡ. ಪೆಡಲ್ ಪೂರ್ತಿ ಒತ್ತಿದಾಗ ನಡುವಿನ ಪಿನ್ ನೇರ ಪಿಕಪ್‌ಗೆ ಸೇರಿರುತ್ತದೆ, ಆಗ 500 ಕೆ ಮತ್ತು 75 ಕೆ ಎರಡೂ ಪಕ್ಕಪಕ್ಕ. ಒಟ್ಟು 65 ಕೆ. ಅಂದರೆ ಪೂರ್ತಿ ಸದ್ದು ಬೇಕಾದ ಹೊತ್ತಿನಲ್ಲೇ ಹೊಳಪು ಸತ್ತುಹೋಗುತ್ತದೆ. ಆ ಪಾಟ್ ಡಬ್ಬಿಯಲ್ಲಿಡಿ, ಇನ್ಯಾವುದಕ್ಕೋ ಆಗುತ್ತದೆ.

ಮುಳ್ಳಿನ ಮೀಟರ್ · ಮಂಗಳವಾರ, ಬೆಳಗ್ಗೆ 6:15

ಸರಿಯಾಗಿ ಹೇಳಿದಿರಿ. ಹವಾಯನ್ ಅವರೇ, ಬೆಂಗಳೂರಿಗೆ ಹೋಗುವವರು ಯಾರಾದರೂ ಇದ್ದರೆ ಎಸ್.ಪಿ. ರೋಡ್‌ನಲ್ಲಿ ತರಿಸಿಕೊಳ್ಳಿ. ಸಣ್ಣ 16 ಮಿಲಿಮೀಟರ್ ಮೈ ಇರುವುದು ಬೇಡ, 24 ಮಿಲಿಮೀಟರ್‌ನದ್ದು ಕೇಳಿ. ಪಟ್ಟಿ ಉದ್ದ, ನಾಲಗೆ ಗಟ್ಟಿ. ದುಡ್ಡು ಹಾಕುವ ಮನಸ್ಸಿದ್ದರೆ ಕಂಡಕ್ಟಿವ್ ಪ್ಲಾಸ್ಟಿಕ್ ಪಟ್ಟಿಯ ಪಾಟ್ ಇನ್ನೂ ಒಳ್ಳೆಯದು, ಅದರ ಬಾಳಿಕೆ ಲಕ್ಷದ ಲೆಕ್ಕದಲ್ಲಿರುತ್ತದೆ. ನಿಮ್ಮ ಹಳೇ ಪಾಟ್ ಎಸೆಯಬೇಡಿ. ಅಲೆನ್-ಬ್ರಾಡ್ಲಿ ಕಂಪನಿಯ ಟೈಪ್ ಜೆ ಇರಬಹುದು. ಕಾರ್ಬನ್ ಅನ್ನು ಬಿಸಿಯಲ್ಲಿ ಅಚ್ಚು ಹಾಕಿ ಮಾಡಿದ್ದು, ಹಳೇ ಸ್ಟೀಲ್ ಪೆಡಲ್‌ಗಳಲ್ಲಿ ಅದನ್ನೇ ಹಾಕುತ್ತಿದ್ದರು. ಇಷ್ಟು ವರ್ಷ ಬಂದಿದ್ದೇ ಅದಕ್ಕೆ.

ಮಾಮೂಲಿ ಡಬ್ಲ್ಯುಡಿ-40 ಮಾತ್ರ ಪಾಟ್ ಒಳಗೆ ಹೊಡೆಯಬೇಡಿ. ತಿರುಗುವಾಗ ಹಿತವಾಗಿರಲಿ ಅಂತ ಶಾಫ್ಟ್‌ಗೆ ಹಾಕಿರುವ ಗ್ರೀಸ್ ಕರಗಿಹೋಗುತ್ತದೆ, ಒಳಗೆ ಎಣ್ಣೆ ಉಳಿದು ಧೂಳು ಹಿಡಿಯುತ್ತದೆ.

ಹಾಸನದ ಹವಾಯನ್ · ಶುಕ್ರವಾರ, ರಾತ್ರಿ 9:30

ಬೆಸುಗೆ ಹೊಗೆ ಅವರು ದೊಡ್ಡ ಮನಸ್ಸು ಮಾಡಿ ಎಸ್.ಪಿ. ರೋಡ್‌ನಲ್ಲಿ ತಾವೇ ಅಳೆದು ಆರಿಸಿ ಬಸ್ಸಿನಲ್ಲಿ ಕಳಿಸಿಕೊಟ್ಟರು. ತುಂಬಾ ಥ್ಯಾಂಕ್ಸ್. ಎ500ಕೆ, 24 ಮಿಲಿಮೀಟರ್ ಮೈ, ನಯವಾದ ಶಾಫ್ಟ್. ಪೂರ್ತಿ 480 ಕೆ, ನಡುವೆ 68 ಕೆ. ಖುಷಿಯಾಯಿತು.

ಇವತ್ತು ಕೂರಿಸಿದೆ. 25 ವಾಟ್ ಐರನ್, ಪಿನ್‌ಗೆ ಮೂರು ಸೆಕೆಂಡ್‌ಗಿಂತ ಜಾಸ್ತಿ ಹಿಡಿಯಲಿಲ್ಲ. ಕ್ಯಾನಿನ ತಗಡು ಒಂದು ಸುತ್ತು ಹಾಕಿದೆ, ಗಾಲಿ ಈಗ ಕಲ್ಲಿನ ಹಾಗೆ ಕೂತಿದೆ. ಆದರೆ ದಾರ ಬಿಚ್ಚುವಾಗ ಹರಿಯಿತು. ಮನೆಯಲ್ಲಿದ್ದ ನೈಲಾನ್ ದಾರ ಹಾಕಿದೆ. ಮೊದಲು ಪೆಡಲ್ ಒತ್ತಿದರೆ ಸದ್ದು ಕಡಿಮೆ ಆಗುತ್ತಿತ್ತು, ಉಲ್ಟಾ. ಹೊರಗಿನ ಎರಡು ಪಿನ್‌ನ ವೈರ್ ಅದಲು ಬದಲು ಮಾಡಿದೆ, ಆ ತೊಂದರೆ ಹೋಯಿತು. ಆದರೆ ದಡಕ್ ಅನ್ನುವುದು ಹೋಗಿಲ್ಲ. ನಿಜ ಹೇಳಬೇಕೆಂದರೆ ಲೀನಿಯರ್‌ಗಿಂತಲೂ ಕೆಟ್ಟದಾಗಿದೆ. ಲಾಗ್ ಪಾಟ್ ಅಂತ ಅಳೆದು ನೋಡಿಯೇ ಹಾಕಿದ್ದು. ಏನು ಮಾಡಲಿ ಅಂತ ತಿಳಿಯುತ್ತಿಲ್ಲ, ಬೇಜಾರಾಗಿದೆ.

ಮುಳ್ಳಿನ ಮೀಟರ್ · ಶನಿವಾರ, ಬೆಳಗ್ಗೆ 5:55

ಬೇಜಾರು ಬೇಡ. ಪಾಟ್ ಸರಿ ಇದೆ, ಬೆಸುಗೆ ಸರಿ ಇದೆ. ದಾರ ಸುತ್ತಿದ ದಿಕ್ಕು ತಪ್ಪಿದೆ.

ದಾರ ಹರಿದ ಮೇಲೆ ನೀವು ಹೊಸದನ್ನು ಗಾಲಿಯ ಇನ್ನೊಂದು ಕಡೆಯಿಂದ ಸುತ್ತಿದ್ದೀರಿ. ಹಾಗಾಗಿ ಪೆಡಲ್ ಒತ್ತಿದಾಗ ಶಾಫ್ಟ್ ಬಲಕ್ಕೆ ತಿರುಗುವ ಬದಲು ಎಡಕ್ಕೆ ತಿರುಗಿತು. ಅದಕ್ಕೇ ಸದ್ದು ಉಲ್ಟಾ ಆಗಿದ್ದು. ಅದನ್ನು ಸರಿಮಾಡಲು ವೈರ್ ಅದಲು ಬದಲು ಮಾಡಿದಿರಿ. ಲೀನಿಯರ್ ಪಾಟ್ ಆಗಿದ್ದರೆ ಅದರಿಂದ ಏನೂ ತೊಂದರೆ ಇರಲಿಲ್ಲ, ಅದಕ್ಕೆ ಎಡ ಬಲ ಎರಡೂ ಒಂದೇ. ಲಾಗ್ ಪಾಟ್‌ಗೆ ಎಡ ಬಲ ಬೇರೆ ಬೇರೆ. ಅದರ ನಿಧಾನದ ಭಾಗ ಎಡತುದಿಯಲ್ಲಿ ಮಾತ್ರ ಇದೆ. ನೀವೇ ಅಳೆದ ಲೆಕ್ಕ ನೋಡಿ. ನಡುವೆ ನಿಂತಾಗ ಎಡತುದಿಯಿಂದ 68 ಕೆ. ಹಾಗಾದರೆ ಬಲತುದಿಯಿಂದ 412 ಕೆ. ಈಗ ನಿಮ್ಮ ಗ್ರೌಂಡ್ ಬಲತುದಿಗೆ ಹೋಗಿದೆ. ಅರ್ಧ ಒತ್ತುವಷ್ಟರಲ್ಲೇ 480ರಲ್ಲಿ 412, ಅಂದರೆ 86 ಶೇಕಡಾ ಹೊರಗೆ ಬರುತ್ತಿದೆ. ಲೀನಿಯರ್‌ನಲ್ಲಿ 50 ಇತ್ತು. ಕೆಟ್ಟದಾಗಿ ಕೇಳುವುದು ಸಹಜ.

ವೈರ್ ಮೊದಲಿದ್ದ ಹಾಗೆ ಹಾಕಿ. ಶಾಫ್ಟ್ ನಿಮ್ಮ ಕಡೆ ಮುಖ ಮಾಡಿ, ಪಿನ್‌ಗಳು ಕೆಳಗೆ ಇರುವಂತೆ ಹಿಡಿದರೆ ಎಡದ ಪಿನ್ ಗ್ರೌಂಡ್, ನಡುವಿನದು ಆಂಪ್‌ಗೆ ಹೋಗುವ ಜ್ಯಾಕ್, ಬಲದ್ದು ಗಿಟಾರ್ ಬರುವ ಜ್ಯಾಕ್. ಆಮೇಲೆ ದಾರವನ್ನು ಗಾಲಿಯ ಇನ್ನೊಂದು ಮಗ್ಗುಲಿನಿಂದ ಸುತ್ತಿ. ಪೆಡಲ್ ಒತ್ತಿದಾಗ ಶಾಫ್ಟ್ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಬೇಕು.

ನೈಲಾನ್ ದಾರವೂ ಬೇಡ, ಅದು ಎಳೆದಷ್ಟೂ ಹಿಗ್ಗುತ್ತದೆ. ಹಳೇ ವಾಲ್ವ್ ರೇಡಿಯೋದಲ್ಲಿ ಸ್ಟೇಷನ್ ಮುಳ್ಳನ್ನು ಎಳೆಯಲು ಹಾಕುತ್ತಿದ್ದ ಡಯಲ್ ದಾರ ನನ್ನ ಹತ್ತಿರ ಒಂದು ಉಂಡೆ ಇದೆ. ಅದನ್ನು ಮಾಡಿದ್ದೇ ಇದೇ ಕೆಲಸಕ್ಕೆ, ಗಾಲಿ ಮೇಲೆ ಜಾರಬಾರದು, ಹಿಗ್ಗಬಾರದು. ಇವತ್ತು ಸಂಜೆ ಬಂದು ತಗೊಂಡು ಹೋಗಿ. ದುಡ್ಡು ಏನೂ ಬೇಡ, ಒಂದು ಹಾಡು ನುಡಿಸಿ ಸಾಕು.

ತಂತಿ ಸಕಲೇಶಪುರ · ಶನಿವಾರ, ಬೆಳಗ್ಗೆ 8:20

ಮೇಷ್ಟ್ರೇ, ಎಷ್ಟು ಚೆನ್ನಾಗಿ ಬಿಡಿಸಿ ಹೇಳಿದಿರಿ. ನನ್ನ ಪೆಡಲ್ ಎರಡು ವರ್ಷದಿಂದ ಹೀಗೇ ಇತ್ತು. ರಿಪೇರಿ ಮಾಡಿದವರು ವೈರ್ ಬದಲಿಸಿದ್ದರು ಅಂತ ನನಗೆ ಗೊತ್ತು, ಆದರೆ ಅದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ಹೊಳೆದಿರಲಿಲ್ಲ. ನನ್ನ ಕಾಲೇ ಸರಿ ಇಲ್ಲ ಅಂತ ಅಭ್ಯಾಸ ಮಾಡುತ್ತಾ ಕೂತಿದ್ದೆ. ಇವತ್ತೇ ಬಿಚ್ಚುತ್ತೇನೆ.

ಬೆಸುಗೆ ಹೊಗೆ · ಶನಿವಾರ, ಬೆಳಗ್ಗೆ 10:00

ದಾರ ಹಾಕುವಾಗ ಇದೊಂದು ನೋಡಿಕೊಳ್ಳಿ. ಗಾಲಿಯ ಅಡ್ಡಳತೆ ಮತ್ತು ಪೆಡಲ್ ಪೂರ್ತಿ ಒತ್ತಿದಾಗ ದಾರ ಎಷ್ಟು ಸರಿಯುತ್ತದೆ ಅಂತ ಅಳೆಯಿರಿ. ಪಾಟ್ ಒಟ್ಟು ಸುಮಾರು 300 ಡಿಗ್ರಿ ತಿರುಗುತ್ತದೆ. ಉದಾಹರಣೆಗೆ ಗಾಲಿ 20 ಮಿಲಿಮೀಟರ್, ದಾರ 45 ಮಿಲಿಮೀಟರ್ ಸರಿದರೆ ಶಾಫ್ಟ್ ತಿರುಗುವುದು 258 ಡಿಗ್ರಿ. ಉಳಿದ 42 ಡಿಗ್ರಿಯನ್ನು ಎಲ್ಲಿ ಬಿಡುವುದು ಅನ್ನುವುದು ನಿಮ್ಮ ಕೈಯಲ್ಲಿದೆ. ಪೂರ್ತಿ ಸದ್ದಿನ ಕಡೆ ಒಂದೈದು ಡಿಗ್ರಿ ಮಾತ್ರ ಬಿಡಿ, ಮಿಕ್ಕದ್ದು ಮೌನದ ಕಡೆ. ಸದ್ದಿನ ಕಡೆ ಅಷ್ಟನ್ನಾದರೂ ಬಿಡಲೇಬೇಕು. ಇಲ್ಲದಿದ್ದರೆ ಉತ್ಸಾಹದಲ್ಲಿ ಒತ್ತಿದಾಗ ಕಾಲಿನ ಭಾರ ಎಲ್ಲ ಪಾಟ್ ಒಳಗಿನ ಸಣ್ಣ ತಡೆಯ ಮೇಲೆ ಬೀಳುತ್ತದೆ. ಪೆಡಲ್‌ನ ರಬ್ಬರ್ ಮೊದಲು ತಾಗಬೇಕು, ಪಾಟ್ ಅಲ್ಲ.

ಹಿಮ್ಮಡಿ ಪೂರ್ತಿ ಇಳಿಸಿದಾಗ ಸದ್ದು ಸೊನ್ನೆಗೆ ಹೋಗದೆ ಒಂದೆಳೆ ಉಳಿದರೆ ಹೆದರಬೇಡಿ. ಸ್ಟೀಲ್‌ನವರು ಅದನ್ನು ಬೇಕು ಅಂತಲೇ ಇಟ್ಟುಕೊಳ್ಳುತ್ತಾರೆ. ಸ್ವರ ಶೂನ್ಯದಿಂದ ಏಳುವ ಬದಲು ಇದ್ದಲ್ಲಿಂದ ಏಳುತ್ತದೆ.

ಕೊಪ್ಪೆ ಮಳೆ · ಶನಿವಾರ, ಮಧ್ಯಾಹ್ನ 1:15

ಇನ್ನೊಂದು ಕೇಳಬೇಕು. ನನ್ನದು ಗರಗರ ಇಲ್ಲ, ಆದರೆ ಪೆಡಲ್ ಅರ್ಧಕ್ಕೆ ಇಳಿಸಿದರೆ ಸದ್ದು ಮಂಕಾಗುತ್ತದೆ. ಪೂರ್ತಿ ಒತ್ತಿದರೆ ಮತ್ತೆ ಹೊಳಪು. ಇದೂ ಪಾಟ್ ದೋಷವಾ?

ಬೆಸುಗೆ ಹೊಗೆ · ಶನಿವಾರ, ಮಧ್ಯಾಹ್ನ 2:40

ದೋಷ ಅಲ್ಲ, ಬ್ಯಾಟರಿ ಇಲ್ಲದ ಪೆಡಲ್‌ನ ಗುಣವೇ ಅದು. 500 ಕೆ ಪಾಟ್ ಸಿಗ್ನಲ್ ಅನ್ನು ಅರ್ಧ ಮಾಡುವ ಜಾಗದಲ್ಲಿ ಮೇಲೆ 250, ಕೆಳಗೆ 250. ಆಂಪ್ ಕಡೆಯಿಂದ ನೋಡಿದರೆ ಅದು 125 ಕೆ ಅಡ್ಡ ಇದ್ದ ಹಾಗೆ. ಪೆಡಲ್‌ನಿಂದ ಆಂಪ್‌ಗೆ ಹೋಗುವ ಕೇಬಲ್ ಒಂದು ಸಣ್ಣ ಕೆಪಾಸಿಟರ್. ಮೀಟರ್‌ಗೆ 100 ಪಿಕೋಫ್ಯಾರಡ್ ಅಂತ ಹಿಡಿದರೆ 5 ಮೀಟರ್‌ಗೆ 500. ಲೆಕ್ಕ ಹಾಕಿದರೆ ಸುಮಾರು 2,500 ಹರ್ಟ್ಜ್‌ನಿಂದ ಮೇಲಿನದ್ದು ಇಳಿಯಲು ಶುರು. ಹೊಳಪು ಇರುವುದೇ ಅಲ್ಲಿ. ಎಷ್ಟು ಉದ್ದದ ಕೇಬಲ್ ಹಾಕಿದ್ದೀರಿ?

ಕೊಪ್ಪೆ ಮಳೆ · ಶನಿವಾರ, ಮಧ್ಯಾಹ್ನ 2:55

10 ಮೀಟರ್. ಆಂಪ್ ವೇದಿಕೆಯ ಹಿಂದೆ ಇಡುತ್ತೇವೆ.

ಬೆಸುಗೆ ಹೊಗೆ · ಶನಿವಾರ, ಮಧ್ಯಾಹ್ನ 3:10

ಹಾಗಾದರೆ ಇನ್ನೂ ಅರ್ಧಕ್ಕೆ ಇಳಿಯುತ್ತದೆ, 1,300 ಹರ್ಟ್ಜ್ ಹತ್ತಿರ. ಆಂಪ್ ಪಕ್ಕಕ್ಕೆ ತಂದು 3 ಮೀಟರ್ ಕೇಬಲ್ ಹಾಕಿ ನೋಡಿ. ಆಗದಿದ್ದರೆ ಪೆಡಲ್ ಆದ ಕೂಡಲೇ ಒಂದು ಬಫರ್ (ಸಿಗ್ನಲ್‌ಗೆ ಬಲ ಕೊಡುವ ಸಣ್ಣ ಸರ್ಕ್ಯೂಟ್) ಇಡಿ, ಆಮೇಲೆ ಕೇಬಲ್ ಎಷ್ಟು ಉದ್ದ ಇದ್ದರೂ ನಡೆಯುತ್ತದೆ. ಪಾಟ್ ಮುಟ್ಟಬೇಡಿ.

ಕೀಬೋರ್ಡ್ ಕಾಫಿ · ಶನಿವಾರ, ಸಂಜೆ 4:30

ನನ್ನ ಪೆಡಲ್‌ನಲ್ಲಿ ಹೊಸ ಪಾಟ್ ಹಾಕಿಸಿದ ಮರುದಿನವೇ ಗರಗರ ಬಂತು. ಅದು ಯಾಕೆ?

ಮುಳ್ಳಿನ ಮೀಟರ್ · ಶನಿವಾರ, ಸಂಜೆ 5:05

ಹೊಸ ಪಾಟ್ ಗರಗರ ಅಂದರೆ ಮೊದಲು ಡಿಸಿ (ಬ್ಯಾಟರಿಯಲ್ಲಿರುವಂತೆ ಒಂದೇ ದಿಕ್ಕಿನ ವಿದ್ಯುತ್) ಇದೆಯಾ ನೋಡಿ. ಪೆಡಲ್‌ಗೆ ಬರುವ ಕೇಬಲ್‌ನ ತುದಿಗೂ ಗ್ರೌಂಡ್‌ಗೂ ಮೀಟರ್ ಹಿಡಿದು ಡಿಸಿ ಮಿಲಿವೋಲ್ಟ್ ಅಳೆಯಿರಿ. ಸೊನ್ನೆ ಹತ್ತಿರ ಇರಬೇಕು. ಹಿಂದಿನ ಸಲಕರಣೆಯ ಕೆಪಾಸಿಟರ್ ಸೋರುತ್ತಿದ್ದರೆ ಡಿಸಿ ಪಾಟ್ ಮೇಲೆ ಬಂದು ಕೂರುತ್ತದೆ, ಆಗ ಎಷ್ಟು ಪಾಟ್ ಬದಲಿಸಿದರೂ ಅದೇ ಹಾಡು. ಕೇಬಲ್ ಕಿತ್ತು ನೋಡಿ, ಆಂಪ್ ಕಡೆಯಿಂದಲೂ ಬರಬಹುದು.

ಹಾಸನದ ಹವಾಯನ್ · ಭಾನುವಾರ, ರಾತ್ರಿ 11:20

ಆಯಿತು! ನಿನ್ನೆ ಸಂಜೆ ಮೇಷ್ಟ್ರ ಮನೆಗೆ ಹೋದೆ. ಅವರ ಮೇಜಿನ ಮೇಲೇ ಬಿಚ್ಚಿದೆವು. ವೈರ್ ಮೊದಲಿನ ಹಾಗೆ, ಡಯಲ್ ದಾರ ಗಾಲಿಗೆ ಎರಡು ಸುತ್ತು, ಈ ಸಲ ಕೆಳಗಿನಿಂದ. ಅವರ ಮುಳ್ಳಿನ ಮೀಟರ್ ಹಿಡಿದು ಪೆಡಲ್ ಒತ್ತಿದಾಗ ಮುಳ್ಳು ಮೊದಲು ನಿಧಾನಕ್ಕೆ, ಆಮೇಲೆ ಬಿರುಸಾಗಿ ಏರಿತು. ಒಂದು ಸಲವೂ ಬೆಚ್ಚಲಿಲ್ಲ. ಹಳೇ ಪಾಟ್ ಅಲೆನ್-ಬ್ರಾಡ್ಲಿಯೇ ಅಂತೆ, ತೋರಿಸಿದರು, ಅದನ್ನು ತೆಗೆದಿಟ್ಟಿದ್ದೇನೆ.

ಇವತ್ತು ನಾಲ್ಕು ಗಂಟೆ ನುಡಿಸಿದೆ. ಎಡಗೈ ಬಾರನ್ನು ಮೇಲಿನ ಷಡ್ಜಕ್ಕೆ ಜಾರಿಸಿ ನಿಲ್ಲಿಸಿ, ಕಾಲು ಮಾತ್ರ ಒತ್ತುತ್ತಾ ಹೋದೆ. ಸ್ವರ ಸಾಯುವ ಜಾಗವೇ ಸಿಗಲಿಲ್ಲ. ಮನೆಯವಳು ಅಡುಗೆಮನೆಯಿಂದ ಬಂದು ಇದೇನು ಪಿಟೀಲಾ ಅಂತ ಕೇಳಿದಳು. ಎಲ್ಲರಿಗೂ ಕೈ ಮುಗಿಯುತ್ತೇನೆ.

ತಂತಿ ಸಕಲೇಶಪುರ · ಸೋಮವಾರ, ಬೆಳಗ್ಗೆ 7:50

ನನ್ನದೂ ವೈರ್ ಉಲ್ಟಾನೇ ಇತ್ತು. ವೈರ್ ಸರಿಮಾಡಿದೆ, ಆದರೆ ದಾರ ತೆಗೆಯುವಾಗ ಎಳೆ ಬಿಟ್ಟುಕೊಂಡಿತು. ಮೇಷ್ಟ್ರೇ, ಆ ಡಯಲ್ ದಾರ ಇನ್ನೂ ಉಳಿದಿದೆಯಾ? ಬುಧವಾರ ಹಾಸನಕ್ಕೆ ಬರುವವಳಿದ್ದೇನೆ.

ಮುಳ್ಳಿನ ಮೀಟರ್ · ಸೋಮವಾರ, ಬೆಳಗ್ಗೆ 8:05

ಇದೆಯಮ್ಮ, ಬೇಕಾದಷ್ಟಿದೆ. ಪೆಡಲ್ ಜೊತೆಗೇ ತಂದುಬಿಡಿ. ಗಿಟಾರ್ ಕೂಡ ತನ್ನಿ.